ಹೊಂಗಿ ಎಣ್ಣಿಯ ಅಂಬಾಸಡರ್

ದೊಡವಾಡ
20 ಮಾರ್ಚ್ 2006

ಮಗಳು ಉಮಾಶ್ರೀಗೆ,

ಇಲ್ಲಿ ನಾವು ಉಂಡುತಿಂದು ನೆಟ್ಟಗ ಅದೇವಿ. ನೀನೂ ಹಂಗ ಇರಬೇಕು ಅಂತ ನಿಮ್ಮಪ್ಪನ ಆಶೀರ್ವಾದ.

ಹೋದ ಸೋಮವಾರ ನೀ ಫೋನ್ ಮಾಡಿದಾಗ ನಿಮ್ಮವ್ವ ರಿಸೀವರ್ ತಂದು ನನ್ನ ಕಿವಿಗೆ ಹಿಡದ್ಲು. ನೀ ಏನೋ ಅಂದಿ, ನಾ ಹೂಂ ಹೂಂ ಅಂದೆ. ಆಮ್ಯಾಲೆ ತಿಳೀತು, ಅವ್ವಗ ಇನ್ನೂ ಜ್ವರಾ ಅದಾವೇನು ಅಂತ ನೀ ಕೇಳಿದ್ದಿಯಂತ, ಅಕಿ ಜ್ವರಾ ಬಿಟ್ಟು ನಾಕು ದಿನ ಆಗಿತ್ತು. ಇಷ್ಟು ವರ್ಷ ಬಾಡಿಗಿ ಹೊಡಕೋತ ಡೀಸೆಲ್ ಎಂಜಿನ್ ಹಿಂದ ಕುಂತ ಕಿವಿ ಇದು. ಫೋನಿನ ಸಣ್ಣ ದನಿ ಅದಕ್ಕ ಹತ್ತೂದಿಲ್ಲ. ಅದಕ್ಕ ಕಾಗದ ಬರಿಯಾಕ ಕುಂತೇನಿ. ಅಕ್ಷರ ನೋಡಿ ನಗಬ್ಯಾಡ.

ವಿಷಯ ಏನಂದ್ರ ನಮ್ಮ ಅಂಬಾಸಡರ್ ಗಾಡೀದು. ನಿನ್ನ ಲಗ್ನದ ದಿಬ್ಬಣದಾಗ ಅದು ಸವದತ್ತಿ ದಾರ್ಯಾಗ ನಿಂತು, ನಿಮ್ಮ ಅತ್ತಿ ಶೆಟ್ಟೆವ್ವನವರು ಬಿಸಲಾಗ ಕುಂತು, ಇಳಕಲ್ ಸೀರಿಗೆ ಗ್ರೀಸ್ ಹತ್ತಿಸಿಕೊಂಡ ಮ್ಯಾಲೆ ನಿಮ್ಮವ್ವ ದೇವಕ್ಕ ಅದರ ಮಾರಿ ನೋಡೂದು ಬಿಟ್ಟಾಳ. ಬೈಲಹೊಂಗಲದ ಗುಜರಿಯವಗ ಹೇಳಿ ಕಳಸ್ಯಾಳ. ಅಂವ ಯಾವಾಗ ಬೇಕಾದ್ರೂ ಬರಬಹುದು. ನಾ ದೀಪಾವಳಿತನಾ ತಡಿ ಅಂತ ಅಂದೇನಿ. ಯಾಕ ಅಂತ ಕೇಳಿದ್ಲು, ನನ್ನ ಹತ್ತರ ಜವಾಬಿರಲಿಲ್ಲ.

ಜವಾಬು ಸಿಕ್ಕದ್ದು ಹೋದ ವಾರ. ಬೈಲಹೊಂಗಲದಾಗ ರೈತರ ಸಭಾ ಇತ್ತು. ಒಬ್ಬ ಸಾಹೇಬ್ರು ಬಂದು, ಹೊಂಗಿ ಬೀಜದಿಂದ ಬಯೋಡೀಸೆಲ್ ಮಾಡಿ ಎಂಜಿನ್ ಓಡಸಬಹುದು ಅಂತ ಹೇಳಿದ್ರು. ನಾ ಹಿಂದಿನ ಸಾಲಿನ್ಯಾಗ ಕುಂತಿದ್ದೆ. ನನಗ ಕೇಳಿಸಿದ್ದು ಹೊಂಗಿ, ಎಂಜಿನ್, ಈ ಎರಡ ಶಬ್ದ. ಮನಿಗೆ ಬಂದಾಂವ ನಿಮ್ಮವ್ವನ ದೀಪದ ಎಣ್ಣಿ ಡಬ್ಬಿ ತಗದು ಗಾಡಿ ಟ್ಯಾಂಕಿಗೆ ಸುರುವಿದೆ.

ಗಾಡಿ ಚಾಲೂ ಆತು, ಖರೆ ಹೇಳತೇನಿ. ಓಣಿ ದಾಟಿ ಕೆರಿ ಏರಿತನಾ ಹೋತು. ಅಲ್ಲಿ ಕೆಮ್ಮಿ, ಕರೀ ಹೊಗಿ ಬಿಟ್ಟು ನಿಂತ್ತು. ಎತ್ತು ಹೂಡಿ ಎಳಕೊಂಡು ಬರಬೇಕಾತು. ಮಂದಿ ಕಟ್ಟಿ ಮ್ಯಾಲೆ ಕುಂತು ನೋಡಿದ್ರು. ನಿಮ್ಮವ್ವ ಬಾಗಲಾಗ ನಿಂತು ಎತ್ತಿಗೆ ಆರತಿ ಮಾಡ್ಲೇನು ಅಂದ್ಲು.

ನೀ ಕೆಮಿಸ್ಟ್ರಿ ಕಲತ ಬಿ.ಎಸ್ಸಿ. ಮಾಡಿದಾಕಿ. ಎಲ್ಲಿ ತಪ್ಪಿತು ಅಂತ ಬಿಡಸಿ ಬರಿ.

ಅಳಿಯಂದ್ರು ವಿರೂಪಾಕ್ಷಪ್ಪಗ ಕೇಳಿದೆ ಅಂತ ಹೇಳು. ಬೀಗತ್ಯಾರಿಗೆ ಗಾಡಿ ಸುದ್ದಿ ಹೇಳಬ್ಯಾಡ.

ನಿನ್ನ ಅಪ್ಪ,
ದುಂಡಪ್ಪ


ರಾಮದುರ್ಗ
2 ಏಪ್ರಿಲ್ 2006

ಅಪ್ಪಾ,

ನಿನ್ನ ಕಾಗದ ಬಂತು. ಪೋಸ್ಟಮನ್ ಅಂಗಡಿಗೆ ಕೊಟ್ಟು ಹೋಗಿದ್ದ, ಇವರು ಸಂಜಿಕ ತಂದ್ರು. ನಾ ಆರಾಮ ಅದೇನಿ. ಇಲ್ಲಿ ಎಲ್ಲಾರೂ ಚಲೋ ನೋಡಕೋತಾರ. ಸೀರಿ ಅಂಗಡ್ಯಾಗ ಲಗ್ನಸರಾಯಿ ವ್ಯಾಪಾರ, ಇವರು ಊಟಕ್ಕ ಬರೂದೂ ಓಡಕೋತ. ಅತ್ತಿಯವರು ಮಾತು ಕಡಿಮಿ. ಕೆಲಸ ಬಗಿಹರೀತಂದ್ರ ಮಧ್ಯಾಹ್ನ ಭಾಳ ಉದ್ದ ಆಗತೇತಿ.

ಎಣ್ಣಿ ಹಂಗ ಸುರುವಿದ್ರ ಗಾಡಿ ಹೆಂಗ ಓಡೀತು? ಅದು ಭಾಳ ಮಂದ. ಪಂಪು ಎಳೀತೇತಿ, ನಾಝಲ್ ಸಿಡಸೂದಿಲ್ಲ. ತಿಳಿಯೂ ಹಂಗ ಹೇಳತೇನಿ. ಎಣ್ಣಿಯ ಒಂದೊಂದು ಕಣಕ್ಕೂ ಗ್ಲಿಸರಿನ್ ಅನ್ನೂದು ಒಂದು ತಲಿ, ಅದಕ್ಕ ಮೂರು ಉದ್ದನ್ನ ಜಡಿ ಇದ್ದಂಗ. ಆ ಜಡಿ ತಲಿಯಿಂದ ಬಿಡಸಿ ಒಂದೊಂದಕ್ಕೂ ಒಂದು ಸಣ್ಣ ಗೊಂಡೆ ಕಟ್ಟಬೇಕು. ಗೊಂಡೆ ಅಂದ್ರ ಮೆಥನಾಲ್. ಬಿಡಸೂ ಹಣಗಿ ಅಂದ್ರ ಕಾಸ್ಟಿಕ್ ಸೋಡಾ. ಆವಾಗ ಭಾರದ ಗ್ಲಿಸರಿನ್ ಕೆಳಗ ಕುಂದರತೇತಿ, ಮ್ಯಾಲೆ ತೆಳ್ಳಗ ತೇಲೂದ ಬಯೋಡೀಸೆಲ್. ಅದನ್ನ ನೀರಾಗ ಸಾವಕಾಶ ತೊಳದು ನೀರಿನ ಅಂಶ ಪೂರ್ತಿ ಆರಸಬೇಕು. ಅಳತಿ ಬ್ಯಾರೆ ಹಾಳಿ ಮ್ಯಾಲೆ ಬರದೇನಿ.

ಎಣ್ಣಿ ಕಾಯಿಸಿ, ಒಲಿ ಪೂರಾ ಆರಿಸಿದ ಮ್ಯಾಲೆನ ಮೆಥನಾಲ್ ಹಾಕು. ಅದು ಪೆಟ್ರೋಲಿನಂಗ ಹತ್ತತೇತಿ, ಉರಿ ಕಣ್ಣಿಗೆ ಕಾಣೂದಿಲ್ಲ. ವಿಷ ಅದು, ಉಸಿರಿಗೂ ಕೆಟ್ಟದ್ದು. ಬಯಲಾಗ, ಗಾಳಿಗೆ ಬೆನ್ನು ಮಾಡಿ ನಿಂತು ಮಾಡು. ಕೈಗೆ ರಬ್ಬರ್ ಗ್ಲೌಸ್, ಕಣ್ಣಿಗೆ ಚಷ್ಮಾ. ಅವ್ವನ್ನ ದೂರ ಕುಂದರಸು. ಇನ್ನೊಂದು, ಗಾಡಿ ಹಳೇದು, ಡೀಸೆಲ್ ಬರೂ ರಬ್ಬರ್ ಪೈಪೂ ಹಳೇವು. ಬಯೋಡೀಸೆಲ್ ಅಂಥಾ ರಬ್ಬರ್ ತಿಂತೇತಿ. ಮೊದಲ ಬದಲಿ ಮಾಡಸು.

ಇದನ್ನ ಬರಕೋತ ಬರಕೋತ ಕೈ ತಾನ ಫಾರ್ಮುಲಾ ಬರದು ಬಿಟ್ಟಿತು. ನಿನಗ ಉಪಯೋಗಿಲ್ಲ ಅಂತ ಹೊಡದು ಹಾಕೇನಿ. ಅದನ್ನ ನೋಡಬ್ಯಾಡ.

ನಾ ಆರಾಮ ಅದೇನಿ.

ಉಮಾ


ದೊಡವಾಡ
9 ಮೇ 2006

ಮಗಳ,

ಮೊದಲನೇ ಸುದ್ದಿ, ಮೆಥನಾಲ್ ಹುಬ್ಬಳ್ಳ್ಯಾಗ ಸಿಕ್ತು. ಅಂಗಡಿಯವ ಯಾಕ ಬೇಕು ಅಂದ, ನನ್ನ ಮಗಳು ತರಿಸ್ಯಾಳ ಅಂದೆ. ಮಗಳು ಏನು ಮಾಡತಾಳ ಅಂದ. ನಾ ರೊಕ್ಕಾ ಎಣಿಸಿ ಇಟ್ಟು, ಕೆಮಿಸ್ಟ್ರಿ ಅಂದೆ.

ಎರಡನೇ ಸುದ್ದಿ, ಗಾಡಿ ಓಡಲಿಲ್ಲ, ಆದ್ರ ನಮ್ಮ ಮನ್ಯಾಗ ವರ್ಷಕ್ಕಾಗೋ ಅಷ್ಟು ಸಾಬಾಣ ಆಗೇತಿ. ನೀ ಹೇಳಿದಂಗ ಎಲ್ಲಾ ಮಾಡಿದೆ, ಹಿತ್ತಲದಾಗ, ಚಷ್ಮಾ ಹಾಕ್ಕೊಂಡು. ಸೋಡಾ ಅಷ್ಟ ನಾ ಒಂದು ಮುಷ್ಟಿ ಮ್ಯಾಲೆ ಹಾಕಿದೆ, ಕೆಲಸ ಗಟ್ಟಿ ಆಗಲಿ ಅಂತ. ಮರುದಿವಸ ಮುಂಜಾನಿ ಮುಚ್ಚಳ ತಗದ್ರ ಇಡೀ ಹಂಡೆ ಹಾಲಬಾಯಿ ಹೆಪ್ಪುಗಟ್ಟಿದಂಗ ಆಗಿತ್ತು. ಸವಟು ನೆಟ್ಟರ ನೆಟ್ಟಂಗ ನಿಂತ್ತು. ನಿಮ್ಮವ್ವ ಬಂದು ನೋಡಿದ್ಲು. ಅದನ್ನ ಬಿಸಲಾಗ ಒಣಗಿಸಿ, ವಾಸನಿ ಎಲ್ಲಾ ಹೋದ ಮ್ಯಾಲೆ ದನದ ಕೊಟ್ಟಿಗಿ ತೊಳದ್ಲು. ನಿನ್ನ ಅಂಬಾಸಡರ್ ಒಂದ ಸಲ ಉಪಯೋಗಕ್ಕ ಬಂತು ಅಂದ್ಲು. ಕೊಟ್ಟಿಗಿ ಈಗ ಎಷ್ಟು ಲಕಲಕಾ ಐತೆಂದ್ರ ಎಮ್ಮಿ ಒಳಗ ಹೋಗಾಕ ಹೆದರತೇತಿ.

ನಿಮ್ಮವ್ವ ನಿನ್ನ ಕಾಗದ ಓದಿಸಿಕೊಂಡು ಒಂದು ಮಾತು ಕೇಳಿದ್ಲು. ಆರಾಮ ಅದೇನಿ ಅಂತ ಎರಡು ಸಲ ಯಾಕ ಬರದಾಳ? ಮರತಿರಬೇಕು ಅಂದೆ. ನಮ್ಮ ಉಮಾ ಮರಿಯಾಕಿ ಅಲ್ಲ ಅಂದ್ಲು.

ನೀ ಹೊಡದು ಹಾಕಿದ್ದನ್ನ ನೋಡಬ್ಯಾಡ ಅಂದಿದ್ದಿ. ಬೆಳಕಿಗೆ ಹಿಡದು ನೋಡೇನಿ. ನನಗೇನೂ ತಿಳೀಲಿಲ್ಲ. ಆದ್ರ ಅಕ್ಷರ ಮುತ್ತಿನಂಗ ಇದ್ದುವು.

ನಮ್ಮೂರ ಸತ್ಯಪ್ಪ ಹೆಂಡ್ತಿ ತವರಿಗೆಂತ ರಾಮದುರ್ಗಕ್ಕ ಬರಾಕ ಹತ್ತ್ಯಾನ. ಅವನ ಕೈಯಾಗ ಉಳದ ಹೊಂಗಿ ಎಣ್ಣಿ ಒಂದು ಬಾಟಲಿ ಕಳಸೇನಿ. ಡಾಕ್ಟರ್ ನಾಡಿ ನೋಡಿದಂಗ ನೋಡಿ ಹೇಳು.

ದುಂಡಪ್ಪ


ರಾಮದುರ್ಗ
28 ಮೇ 2006

ಅಪ್ಪಾ,

ನಿನ್ನ ಕಾಗದ ನಾ ಅಡಗಿಮನ್ಯಾಗ ನಿಂತು ಓದಿದೆ. ಎಮ್ಮಿ ಹೆದರಿದ್ದು ಬಂದಾಗ ನಗಿ ತಡೀಲಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡೆ, ಆದ್ರೂ ಅತ್ತಿಯವರಿಗೆ ಕೇಳಿಸ್ತು. ಬಂದು ಬಾಗಲಾಗ ನಿಂತು, ಏನಾತು ಅಂದ್ರು. ಈ ಮನಿಗೆ ಬಂದ ಮ್ಯಾಲೆ ನಾ ಹಂಗ ನಕ್ಕದ್ದು ಅವರು ಕೇಳಿರಲಿಲ್ಲ ಅನಸ್ತೇತಿ. ಮುಚ್ಚಿಡಾಕ ಬರಲಿಲ್ಲ. ಗಾಡಿ ಸುದ್ದಿ ಹೇಳಬ್ಯಾಡ ಅಂದಿದ್ದಿ, ಪೂರಾ ಕಾಗದ ಓದಿ ಹೇಳಬೇಕಾತು. ಆರಾಮದ ಸಾಲು ಅಷ್ಟ ಬಿಟ್ಟೆ.

ಅವರು ನಗಲಿಲ್ಲ. ಎಲ್ಲಾ ಕೇಳಿ, ಸೋಡಾ ಜಾಸ್ತಿ ಆಗೇತಿ ಅಂದ್ರು. ನಾ ಬೆರಗಾಗಿ ನೋಡಿದೆ. ಆವಾಗ ಬಳಿ ಸರಸಿ ಮುಂಗೈ ತೋರಿಸಿದ್ರು. ಕಾಸಿನಗಲ ಬೆಳ್ಳಗಿನ ಕಲಿ. ಅವರ ತವರುಮನ್ಯಾಗ ನೂಲಿಗೆ ಬಣ್ಣಾ ಹಾಕತಿದ್ರಂತ, ಅಂಗಳದ ತುಂಬ ಹಂಡೆ ಇರತಿದ್ದುವಂತ. ಸಣ್ಣಾಕಿದ್ದಾಗ ಸೋಡಾ ಸಿಡದದ್ದು ಅದು. ನನಗಿದು ಇಷ್ಟು ದಿನ ಗೊತ್ತ ಇರಲಿಲ್ಲ.

ಮರುದಿವಸ ಮಧ್ಯಾಹ್ನ ನಾವಿಬ್ಬರೂ ಹಿತ್ತಲದಾಗ ಕುಂತು ನಿನ್ನ ಎಣ್ಣಿ ನಾಡಿ ನೋಡಿದ್ವಿ. ಎಣ್ಣ್ಯಾಗ ಹುಳಿ ಎಷ್ಟೈತಿ ಅಂತ ತಿಳೀಬೇಕು. ಕಾಲೇಜಿನ್ಯಾಗಿನ ಔಷಧ ಇಲ್ಲಿ ಎಲ್ಲಿ ಬರಬೇಕು? ಅರಿಶಿಣ ತಗೊಂಡೆ. ಅರಿಶಿಣಕ್ಕ ಸುಣ್ಣ ಕೂಡಿದ್ರ ಕೆಂಪಾಗೂದು ನಮಗೆಲ್ಲಾರಿಗೂ ಗೊತ್ತಲ್ಲ, ಸೋಡಾಕ್ಕೂ ಹಂಗ. ಔಷಧ ಅಂಗಡಿಯ ಸ್ಪಿರಿಟಿನ್ಯಾಗ ಎಣ್ಣಿ ಕಲಸಿ, ಅರಿಶಿಣ ಹಾಕಿ, ಸೋಡಾದ ನೀರು ಹನಿ ಹನಿ ಬಿಟ್ಟೆ. ಅತ್ತಿಯವರು ಅವರಪ್ಪನ ಬಣ್ಣಾ ತೂಗೂ ಸಣ್ಣ ತಕ್ಕಡಿ ಪೆಟಗಿಯಿಂದ ತಗದು ಕೊಟ್ರು. ಹನಿ ಬೀಳತಿದ್ದಂಗ ಕೆಂಪಾಗಿ ಮತ್ತ ಹಳದಿ ಆಗತಿತ್ತು. ಭಾಳ ಹೊತ್ತಿನ ಮ್ಯಾಲೆ ಕೆಂಪು ನಿಂತ್ತು. ಕುಂಕುಮ ಆತು ಅಂದ್ರು ಅತ್ತಿಯವರು, ಅವರ ಮಾರಿ ಸಣ್ಣ ಹುಡಿಗೀದ ಆಗಿತ್ತು.

ಫಲಿತಾಂಶ ಏನಂದ್ರ, ನಿಮ್ಮ ಎಣ್ಣಿ ಹಳೇದು, ಹುಳಿ ಭಾಳ. ಈ ವರ್ಷದ ಹೊಸಾ ಬೀಜ ಒಣಗಿಸಿ ಗಾಣಕ್ಕ ಹಾಕಸು. ಸೋಡಾ ಎಷ್ಟು ಅಂತ ಹೊಸಾ ಅಳತಿ ಬರದೇನಿ. ಮುಷ್ಟಿ ಉಪಯೋಗಸಬ್ಯಾಡ.

ಉಮಾ

ತಾ.ಕ.: ಸೀರಿ ಗ್ರೀಸ್ ಇನ್ನೂ ಹೋಗಿಲ್ಲ ಅಂತ ನಿಮ್ಮಪ್ಪಗ ಬರಿ ಅಂದಾರ ಅತ್ತಿಯವರು.


ದೊಡವಾಡ
10 ಜುಲೈ 2006

ಉಮಾ,

ಆತು. ಆತು ಅಂತ ಮೂರು ಸಲ ಬರೀಬೇಕನಸ್ತೇತಿ.

ಬದುವಿನ ಹೊಂಗಿ ಗಿಡದ ಬೀಜ ನಿಮ್ಮವ್ವ ತಾನ ಆರಿಸಿದ್ಲು. ನನ್ನ ಮ್ಯಾಲಿನ ನಂಬಿಗಿಯಿಂದಲ್ಲ, ಬೀಗತ್ಯಾರು ತಕ್ಕಡಿ ಹಿಡದ್ರು ಅಂತ ಕೇಳಿ ತಾ ಹಿಂದ ಬೀಳಬಾರದು ಅಂತ. ಸಂಪಗಾಂವದಾಗ ಗಾಣಕ್ಕ ಹಾಕಿಸಿದೆ. ಸೋಡಾ ತೂಗಿಸಿ ಹಾಕಿದೆ. ಮರುದಿವಸ ನೋಡಿದ್ರ, ಕೆಳಗ ಕಾಕಂಬಿಯಂಗ ಕರ್ರನ್ನ ಗ್ಲಿಸರಿನ್, ಮ್ಯಾಲೆ ಬೆಲ್ಲದ ಚಹಾದಂಥಾ ತಿಳಿ. ತೊಳದು, ಆರಿಸಿ, ಅರಿವ್ಯಾಗ ಸೋಸಿ, ಗಾಜಿನ ಗ್ಲಾಸಿನ್ಯಾಗ ತುಂಬಿ ಸೂರ್ಯಾಗ ಹಿಡದೆ. ಗ್ಲಾಸಿನಾಚೆ ನಿಮ್ಮವ್ವನ ಮಾರಿ ಕಾಣಿಸ್ತು.

ರಬ್ಬರ್ ಪೈಪ್ ಬದಲಿ ಮಾಡಿಸೇನಿ. ಮೊದಲ ಅರ್ಧಾ ಡೀಸೆಲ್, ಅರ್ಧಾ ನಮ್ಮದು ಹಾಕಿ ಸೆಲ್ಫ್ ಹೊಡದೆ. ಚಾಲೂ ಆತು. ನನಗ ಎಂಜಿನ್ ದನಿ ಪೂರಾ ಕೇಳಸೂದಿಲ್ಲ, ಬಾನೆಟ್ ಮ್ಯಾಲೆ ಅಂಗೈ ಇಟ್ಟು ನೋಡತೇನಿ. ಮೊದಲು ಕಡಲಿ ಹುರದಂಗ ಬಡಕೋತಿತ್ತು, ಈಗ ಬೆಕ್ಕಿನ ಹೊಟ್ಟಿ ಮ್ಯಾಲೆ ಕೈ ಇಟ್ಟಂಗ ಇತ್ತು.

ಸಂಪಗಾಂವಕ್ಕ ಹೋದೆ, ಬೈಲಹೊಂಗಲಕ್ಕ ಹೋದೆ. ಕರೀ ಹೊಗಿ ಇಲ್ಲ. ವಾಸನಿ ಮಾತ್ರ ಬಾಣಲಿ ಇಟ್ಟಂಗ ಬರತೇತಿ. ಬೈಲಹೊಂಗಲದ ಪ್ಯಾಟ್ಯಾಗ ಗಾಡಿ ನಿಲ್ಲಿಸಿದ್ರ ಇಬ್ಬರು ಬಂದು ಭಜಿ ಎಲ್ಲಿ ಅಂತ ಕೇಳಿದ್ರು. ಒಬ್ಬಾಂವ ಡಿಕ್ಕಿ ತಗದು ನೋಡಿದ.

ಪಂಚಮಿಗೆ ನಿನ್ನ ಕರಿಯಾಕ ಈ ಗಾಡಿ ತಗೊಂಡ ಬರತೇನಿ. ಜೋಕಾಲಿಗೆ ಹಗ್ಗ ತಂದಿಟ್ಟೇನಿ. ನಿಮ್ಮವ್ವ ಶೇಂಗಾ ಹುರಿಯಾಕ ಹತ್ತ್ಯಾಳ, ಉಂಡಿ ಕಟ್ಟೂದ ಬಾಕಿ. ಬೀಗತ್ಯಾರಿಗೆ ನೀನ ಹೇಳಿ ಒಪ್ಪಿಸು. ನನಗ ಅವರ ಮುಂದ ನಿಂತು ಗಾಡಿ ಅನ್ನಾಕ ಧೈರ್ಯಿಲ್ಲ.

ದುಂಡಪ್ಪ


ರಾಮದುರ್ಗ
18 ಜುಲೈ 2006

ಅಪ್ಪಾ,

ಕೇಳಿದೆ. ಬಸ್ಸು ಅದಾವಲ್ಲ ಅಂದ್ರು. ಮತ್ತೊಮ್ಮೆ ಕೇಳಿದೆ. ಆ ಗಾಡ್ಯಾಗ ನನ್ನ ಸೊಸಿ ನಡುದಾರ್ಯಾಗ ಕುಂದರೂದು ಬ್ಯಾಡ ಅಂದ್ರು. ಇವರು ನಡುವ ಬಾಯಿ ಹಾಕಿ, ನಾನೂ ಜೋಡಿ ಹೋಗತೇನಿ, ನಿಂತ್ರ ನೂಕತೇನಿ ಅಂದ್ರು. ಅತ್ತಿಯವರು ಮಗನ ಮಾರಿ ನೋಡಿ ಒಳಗ ಹೋದ್ರು.

ಅದು ಹೂಂ ಅಂತೋ ಊಂಹೂಂ ಅಂತೋ ನನಗ ತಿಳೀಲಿಲ್ಲ. ನೀ ಬಾ.

ಉಮಾ


ರಾಮದುರ್ಗ
27 ಆಗಸ್ಟ್ 2006

ಅಪ್ಪಾ, ಅವ್ವಾ,

ಪಂಚಮಿ ಮುಗಿಸಿ ಬಂದು ಇಷ್ಟು ದಿನ ಆತು, ಜೋಕಾಲಿ ಇನ್ನೂ ತಲ್ಯಾಗ ತೂಗಾಕ ಹತ್ತೇತಿ. ಗಾಡಿ ದಸರಾ ಮುಗಿಯೂತನಾ ಇಲ್ಲೇ ಇರಲಿ ಅಂತ ನೀ ಇವರ ಕೈಯಾಗ ಕೊಟ್ಟು ಕಳಿಸಿದ್ದು ಚಲೋ ಆತು. ಅಂಗಡಿ ಸೀರಿ ಗಂಟು ಹೇರಿಕೊಂಡು ಇವರು ಸವದತ್ತಿಗೆ ಹೋಗಿ ಬರತಾರ. ಗ್ರಾಹಕರು ಸೀರಿ ಮೂಸಿ ನೋಡತಾರಂತ.

ಆದ್ರ ಇವತ್ತ ಬರಿಯೂದು ಬ್ಯಾರೆ ಸುದ್ದಿ.

ಹೋದ ಮಂಗಳವಾರ ಅತ್ತಿಯವರು ಮುಂಜಾನಿ ಎದ್ದು, ಎಲ್ಲಮ್ಮನ ಗುಡ್ಡಕ್ಕ ಹೋಗೂದೈತಿ ಅಂದ್ರು. ಇವರು ಬಸ್ಸಿನ ಹೊತ್ತು ಹೇಳಿದ್ರು. ಗಾಡಿ ಐತಲ್ಲ ಅಂದ್ರು ಅತ್ತಿಯವರು. ನಾವಿಬ್ಬರೂ ಮಾರಿ ಮಾರಿ ನೋಡಿಕೊಂಡ್ವಿ. ಹಳೇ ನೂಲಿನ ಸೀರಿ ಉಟಗೊಂಡು ಬಂದು ಮುಂದಿನ ಸೀಟಿನ್ಯಾಗ ಕುಂತ್ರು.

ಹೋಗೂ ಮುಂದ ಗಾಡಿ ಹೂವಿನಂಗ ಹೋತು. ದರ್ಶನ ಆತು. ಇಳಕೊಂಡು ಉಗರಗೋಳದ ಹತ್ತರ ಬಂದಿದ್ವಿ, ಎಂಜಿನ್ ಎರಡು ಸಲ ಮುಗ್ಗರಿಸಿ ನಿಂತ್ತು. ಇವರು ಇಳದು ಬಾನೆಟ್ ಎತ್ತಿ ನೋಡಿದ್ರು, ಹಿಂದ ಹೋಗಿ ನೂಕಿದ್ರು, ಮತ್ತ ಬಂದು ನೋಡಿದ್ರು. ಅತ್ತಿಯವರು ಇಳದು ದಾರಿ ಬಾಜೂಕ ಬಿಸಲಾಗ ಕುಂತ್ರು. ಲಗ್ನದ ದಿವಸ ಕುಂತಂಗ.

ಪಂಚಮ್ಯಾಗ ನೀ ನನಗ ಫಿಲ್ಟರ್ ತೋರಿಸಿದ್ದಿ. ಸುಮ್ನ ತೋರಿಸಿದ್ದೋ, ಬೇಕಂತ ತೋರಿಸಿದ್ದೋ. ನಾ ಸೆರಗು ಸೊಂಟಕ್ಕ ಸಿಗಿಸಿ, ಡಿಕ್ಕ್ಯಾಗಿನ ನಟ್ಟು ಬಿಚ್ಚೂ ಪಾನಾ ತಗದು, ಫಿಲ್ಟರ್ ಬಿಚ್ಚಿದೆ. ಒಳಗ ಕರೀ ಕೆಸರು. ಡೀಸೆಲ್ ಇಷ್ಟು ವರ್ಷ ಟ್ಯಾಂಕಿನ ತಳಕ್ಕ ಕಟ್ಟಿದ್ದ ಹೊಲಸನ್ನ ಬಯೋಡೀಸೆಲ್ ಕರಗಿಸಿ ತಂದು ಅಲ್ಲಿ ತುಂಬಿತ್ತು. ಇವರಿಗೆ ಅದನ್ನ ಹೇಳಿಕೋತ ನೀ ಡಿಕ್ಕ್ಯಾಗ ಇಟ್ಟಿದ್ದ ಹೊಸಾ ಫಿಲ್ಟರ್ ಹಾಕಿದೆ, ಪಂಪು ಒತ್ತಿ ಗಾಳಿ ತಗದೆ. ಅತ್ತಿಯವರು ಹತ್ತರ ಬಂದು, ಕೇಳದನ, ಬಿಚ್ಚಿದ ನಟ್ಟು ತಮ್ಮ ಉಡ್ಯಾಗ ಹಿಡಕೊಂಡು ನಿಂತ್ರು. ಒಂದೊಂದ ಎತ್ತಿ ಕೊಟ್ರು. ಆ ಸೀರಿಗೂ ಗ್ರೀಸ್ ಹತ್ತಿತು.

"ಇದನ್ನೆಲ್ಲ ಎಲ್ಲಿ ಕಲತಿ?" ಅಂದ್ರು.

"ಬಿಚ್ಚೂದು ಅಪ್ಪ ತೋರಿಸಿದ. ಉಳದದ್ದು ಕಾಲೇಜಿನ್ಯಾಗ."

"ಇನ್ನೂ ಕಲಿಯೂದಿತ್ತೇನು?"

ಅಪ್ಪಾ, ನನ್ನ ಕೈಯಾಗ ಪಾನಾ ಇತ್ತು. ಅದನ್ನ ನೋಡಕೋತ, "ಇತ್ತು" ಅಂದೆ. ಅಷ್ಟ. ಲಗ್ನ ಗೊತ್ತಾದಾಗ ನಿಮ್ಮ ಮುಂದೂ ನಾ ಹಿಂಗ ಹೇಳಿರಲಿಲ್ಲ. ಇವರು ಅಲ್ಲೇ ನಿಂತಿದ್ರು. ನನಗ ಯಾಕ ಹೇಳಲಿಲ್ಲ ಅಂದ್ರು. ಸಿಟ್ಟಿನಿಂದಲ್ಲ. ನಾ ಉಳದ ನಟ್ಟು ಬಿಗದೆ.

ಗಾಡಿ ಚಾಲೂ ಆತು. ಕುಂತು ಬಂದ್ವಿ. ಸವದತ್ತಿ ದಾಟಿದ್ವಿ. ಆಮ್ಯಾಲೆ ಅತ್ತಿಯವರು ಮುಂದ ನೋಡಕೋತನ ಎಲ್ಲಿ ಅಂದ್ರು. ಧಾರವಾಡದಾಗ, ಎಂ.ಎಸ್ಸಿ. ಅಂದೆ. ಎಷ್ಟು ವರ್ಷ ಅಂದ್ರು. ಎರಡು ಅಂದೆ.

"ಗಾಡಿ ಚಲೋ ಓಡಾಕ ಹತ್ತೇತಿ" ಅಂದ್ರು.

ಅದರ ಮುಂದ ಈ ಮಾತು ಬಂದಿಲ್ಲ. ನೀವೂ ಎಬ್ಬಸಬ್ಯಾಡ್ರಿ. ಇನ್ನೊಂದೆರಡು ಫಿಲ್ಟರ್ ಕಳಸು.

ಉಮಾ


ದೊಡವಾಡ
5 ಸೆಪ್ಟೆಂಬರ್ 2006

ಉಮಾ,

ಫಿಲ್ಟರ್ ಕಳಸೇನಿ. ಹಳೇ ಟ್ಯಾಂಕು, ಇನ್ನೊಂದೆರಡು ಸಲ ತುಂಬೀತು, ಆಮ್ಯಾಲೆ ಸ್ವಚ್ಛ ಆಗತೇತಿ. ಗಾಬರಿ ಆಗೂದು ಬ್ಯಾಡ.

ನಿನ್ನೆ ಬೈಲಹೊಂಗಲದ ಗುಜರಿಯವ ಬಂದಿದ್ದ, ಟೆಂಪೋ ತಗೊಂಡು. ನಾ ಹೊಲದಾಗಿದ್ದೆ. ನಿಮ್ಮವ್ವ ಅವಗ ಚಹಾ ಕೊಟ್ಟು, ಗಾಡಿ ಮಗಳ ಊರಿಗೆ ಹೋಗೇತಿ, ಹಳೇ ಕಬ್ಬಿಣ ಬೇಕಿದ್ರ ಹೊಲಾ ಹರಗೂ ಕುಂಟಿ ಮುರದದ್ದೈತಿ ನೋಡು ಅಂದಳಂತ. ಅಂವ ಕುಂಟಿ ಒಯ್ದಾನ.

ನಿನ್ನ ಕಾಗದ ನಿಮ್ಮವ್ವಗ ಓದಿ ಹೇಳಿದೆ. ಇತ್ತು ಅಂದಿ ನೋಡು, ಅಲ್ಲಿಗೆ ಬಂದು ಚಷ್ಮಾ ತಗದೆ. ಅಕಿ ಓದು ಓದು ಅಂದ್ಲು. ಚಷ್ಮಾ ಒರಸಿಕೊಂಡು ಓದಿದೆ. ನಾವು ಕೇಳಬೇಕಾಗಿತ್ತು ಅಂದ್ಲು. ಹೂಂ ಅಂದೆ.

ಎಬ್ಬಸಬ್ಯಾಡ ಅಂದಿ, ಎಬ್ಬಸೂದಿಲ್ಲ.

ದುಂಡಪ್ಪ


ರಾಮದುರ್ಗ
11 ಫೆಬ್ರವರಿ 2007

ದೊಡವಾಡದ ಬೀಗರು ದುಂಡಪ್ಪನವರಿಗೂ ಬೀಗತಿ ದೇವಕ್ಕಗೂ ಶೆಟ್ಟೆವ್ವನ ಶರಣು. ನಾ ಹೇಳೂದನ್ನ ಮಗ ವಿರೂಪಾಕ್ಷ ಬರೀತಾನ.

ಎಳ್ಳ ಅಮಾಸಿಗೆ ನೀವು ಗಾಡಿ ತಗೊಂಡು ಬಂದು, ಮರುದಿವಸ ಮುಂಜಾನಿ ಥಂಡಿಗೆ ಅದರ ಎಣ್ಣಿ ತುಪ್ಪದಂಗ ಗಟ್ಟಿಯಾಗಿ, ಹೊರಡಲಾರದ ಇನ್ನೊಂದು ದಿನ ಉಳಕೊಂಡ್ರಿ. ಅದರ ಮ್ಯಾಲೆ ನನ್ನ ಹೊಸಾ ಕೌದಿ ಹೊಚ್ಚಿದ್ರಿ. ಬ್ಯಾಸರಿಲ್ಲ. ಆ ದಿನ ದೇವಕ್ಕನ ಜೋಡಿ ಕುಂತು ಮಾತಾಡಿದ್ದು ನನಗ ಭಾಳ ಹಿತ ಆತು. ಥಂಡಿ ದಿವಸದಾಗ ಡೀಸೆಲ್ ಜಾಸ್ತಿ ಕೂಡಿಸಿಕೋರಿ ಅಂತ ಉಮಾ ಹೇಳತಾಳ.

ಈಗ ಮುಖ್ಯದ್ದು. ಉಮಾಶ್ರೀನ್ನ ಈ ವರ್ಷ ಧಾರವಾಡಕ್ಕ ಓದಾಕ ಕಳಸೂದು ಅಂತ ನಾವು ಮನ್ಯಾಗ ಮಾತಾಡೇವಿ. ಅಕಿ ಕೇಳಿಲ್ಲ, ನಾನ ಎತ್ತಿದೆ. ಪರೀಕ್ಷಾ ಕೊಡಬೇಕಂತ, ಕೊಡಲಿ. ಸೀಟು ಸಿಕ್ರ ಅಲ್ಲೇ ಹಾಸ್ಟೆಲಿನ್ಯಾಗ ಇರಲಿ. ದೊಡವಾಡ ಹತ್ತರ ಆಗತೇತಿ, ವಾರಕ್ಕೊಮ್ಮೆ ನೀವು ನೋಡಕೋರಿ. ಹಬ್ಬಕ್ಕ ಇಲ್ಲಿ ಬರಲಿ.

ಊರಾಗ ಮಂದಿ ಮಾತಾಡತಾರ, ಲಗ್ನ ಆದ ಸೊಸೀನ ಸಾಲಿಗೆ ಹಾಕ್ಯಾರ ಅಂತ. ಮಾತಾಡಲಿ. ಕೇಳಾಕ ಬಂದವರಿಗೆ ಹೇಳಾಕ ನಾ ಬಾಗಲಾಗ ಕುಂತಿರತೇನಿ.

ನಮ್ಮಪ್ಪನ ಅಂಗಳದಾಗ ಯಾವ ಬಣ್ಣಕ್ಕ ಏನು ಕೂಡಸಬೇಕು ಅಂತ ನನಗೆಲ್ಲಾ ಬರತಿತ್ತು. ಇನ್ನೂ ಕಲಿಯೂ ಆಶಾ ಇತ್ತು. ನಾಕನೇತ್ತಕ್ಕ ಸಾಲಿ ಬಿಡಿಸಿ ಲಗ್ನದ ಮಾತು ತಗದ್ರು. ಹೂಂ ಅಂದೆ. ಇದನ್ನ ನಾ ಯಾರ ಮುಂದೂ ಆಡಿದಾಕಿ ಅಲ್ಲ. ಈಗ ಬರಸೇನಿ, ಸಾಕು.

ಶೆಟ್ಟೆವ್ವ

ಮಾವಾರಿಗೆ ವಿರೂಪಾಕ್ಷನ ಶರಣು. ಅವ್ವ ಹೇಳಿದ್ದನ್ನ ಹೇಳಿದಂಗ ಬರದೇನಿ. ಕಡೀ ಮಾತು ನಾನೂ ಇವತ್ತ ಕೇಳಿದ್ದು. ಉಮಾ ಈಗ ಸಂಜಿಕ ಪುಸ್ತಕ ಹಿಡದು ಕುಂದರತಾಳ. ಅಂಗಡಿಯಿಂದ ಲಗೂನ ಬಂದು ಬಿಡತೇನಿ, ಅಕಿ ಓದೂದು ನೋಡಾಕ.


ದೊಡವಾಡ
19 ಆಗಸ್ಟ್ 2007

ಉಮಾಶ್ರೀ,
ಮಹಿಳಾ ಹಾಸ್ಟೆಲ್, ಧಾರವಾಡ

ಹೊಸಾ ವಿಳಾಸ ಬರಿಯಾಕ ಎರಡು ಲಕೋಟಿ ಕೆಡಿಸಿದೆ. ಮೂರನೇದಕ್ಕ ನಿಮ್ಮವ್ವ ಬಾಜೂಕ ನಿಂತು, ಮಹಿಳಾ ದೊಡ್ಡದಾಗಿ ಬರಿ ಅಂದ್ಲು.

ನಿನ್ನನ್ನ ಬಿಟ್ಟು ಬಂದ ದಿವಸದ ಸುದ್ದಿ ನಿನಗ ಗೊತ್ತಿಲ್ಲ. ನೀ ಗೇಟಿನೊಳಗ ಹೋದಿ. ಬೀಗತ್ಯಾರು ಗಾಡಿಯಿಂದ ಇಳದು, ನೀ ಕಾಣೂತನಾ ನಿಂತು, ಬಿಲ್ಡಿಂಗ್ ದೊಡ್ಡದೈತಿ ಅಂದ್ರು. ವಿರೂಪಾಕ್ಷಪ್ಪ ಟ್ರಂಕಿನ ಕೀಲಿ ತನ್ನ ಕಿಸೇದಾಗ ಉಳದೇತಿ ಅಂತ ಮತ್ತೊಮ್ಮೆ ಒಳಗ ಬಂದಿದ್ದನಲ್ಲ. ಕೀಲಿ ಉಳದಿರಲಿಲ್ಲ ಮಗಳ. ಬೇಕಂತ ಇಟಗೊಂಡಿದ್ದ. ನಾ ನೋಡೇನಿ.

ಅವರಿಬ್ಬರನ್ನ ರಾಮದುರ್ಗದ ಬಸ್ಸಿಗೆ ಹತ್ತಿಸಿ ನಾನೂ ನಿಮ್ಮವ್ವನೂ ಹೊಳ್ಳಿದ್ವಿ. ಅಕಿ ದಾರಿತುಂಬ ತಲಿ ಬಗ್ಗಿಸಿ ನನ್ನ ಕಾಲು ನೋಡಕೋತ ಕುಂತಿದ್ಲು. ಅಳತಾಳೋ ಏನೋ ಅಂತ ನಾ ವಾರೆಗಣ್ಣಿಲೆ ನೋಡಕೋತ ಬಂದೆ. ಊರು ಇನ್ನೊಂದು ಸ್ವಲ್ಪ ದೂರ ಐತಿ ಅನ್ನೂದರಾಗ ನನ್ನ ತೋಳು ಅಲುಗಿಸಿ ಗಾಡಿ ನಿಲ್ಲಸು ಅಂದ್ಲು. ನಿಲ್ಲಿಸಿದೆ. ಇಳದು ಗಾಡಿ ಸುತ್ತಿ ನನ್ನ ಬಾಗಲಕ್ಕ ಬಂದ್ಲು.

"ಆಕಡೆ ಸರಿ. ನನಗ ಕಲಸು" ಅಂದ್ಲು.

ಇಷ್ಟು ವರ್ಷದಾಗ ಒಮ್ಮೆ ಕೇಳಿಲ್ಲ. ಈಗ ಯಾಕ ಅಂದೆ. ಮಗಳು ಕಲಿಯಾಕ ಹತ್ತ್ಯಾಳ, ಬೀಗತಿ ನಟ್ಟು ಹಿಡೀತಾಳ, ನಾ ಎಷ್ಟು ದಿನ ಬೀಜ ಆರಿಸಿಕೋತ ಕುಂದರಲಿ ಅಂದ್ಲು. ಇದನ್ನ ಬರೀಬ್ಯಾಡ ಅಂದಾಳ, ಬರದೇನಿ.

ಅವತ್ತಿನಿಂದ ದಿನಾ ಸಂಜಿಕ ಕೆರಿ ಬಯಲಾಗ ಗಾಡಿ ಪಾಠ. ಮೊದಲ ದಿವಸ ಕ್ಲಚ್ ಬಿಟ್ಟು ಗಾಡಿ ಕಪ್ಪಿಯಂಗ ಕುಪ್ಪಳಿಸಿ ಬಂದಾಗಿ ನಿಂತ್ತು. ಎರಡನೇ ದಿವಸ ಕುರಿ ಹಿಂಡಿನೊಳಗ ಹೊಕ್ಕು, ಕುರಿಯವನ ಜೋಡಿ ಜಗಳಾಡಿ, ಅವಗ ಉಂಡಿ ಕೊಟ್ಟು ಬಂದ್ಲು. ಈಗ ಮೂರನೇ ಗೇರಿಗೆ ಬಂದಾಳ. ಗೇರ್ ಬೀಳೂ ಮುಂದ ಹಲ್ಲು ಕಚ್ಚತಾಳ, ನಾನೂ ಕಚ್ಚತೇನಿ. ಬೈಗಳೆಲ್ಲಾ ಗಾಡಿಗೆ, ನನಗೊಂದೂ ಇಲ್ಲ. ಮನಿಗೆ ಬಂದು ಕೈ ತೊಳಕೊಳ್ಳೂದಿಲ್ಲ, ಸ್ಟೇರಿಂಗ್ ವಾಸನಿ ಇರಲಿ ಅಂತಾಳ.

ಈ ಸಲ ಹೊಂಗಿ ಭಾಳ ಬಿಟ್ಟಿತ್ತು. ಓಣಿಯ ಕೃಷ್ಣವ್ವ, ಇಂದ್ರವ್ವ ತಮ್ಮ ಬದುವಿನ ಬೀಜಾನೂ ತಂದು ಕೊಟ್ಟಾರ. ಧಾರವಾಡಕ್ಕ ನಿನ್ನ ನೋಡಾಕ ಹೋಗೂ ಮುಂದ ಅವರನ್ನೂ ಕುಂದರಿಸಿಕೊಂಡು ಹೋಗಬೇಕು ಅನ್ನೂದು ಕರಾರು. ಮಾತು ಕೊಟ್ಟಾಕಿ ನಿಮ್ಮವ್ವ.

ಅದಕ್ಕ ಮುಂಚೇನ ತಿಳಸತೇನಿ. ಲೈಸೆನ್ಸ್ ಬಂತಂದ್ರ ಒಂದು ಐತವಾರ ಹಾಸ್ಟೆಲ್ ಗೇಟಿನ ಮುಂದ ಭಜಿ ವಾಸನಿ ಬಂದೀತು, ಹೊರಗ ಬಾ. ಹಿಂದಿನ ಸೀಟಿನ್ಯಾಗ ಇಬ್ಬರು ಹೆಣ್ಮಕ್ಕಳ ನಡುವ ಉಂಡಿ ಡಬ್ಬಿ ತೊಡಿ ಮ್ಯಾಲೆ ಇಟಗೊಂಡು ಕುಂತಾಂವ ನಾ. ಗಾಡಿ ಪೂರಾ ನಿಲ್ಲೂತನಾ ಎದುರಿಗೆ ನಿಂದರಬ್ಯಾಡ, ನಿಮ್ಮವ್ವಗ ಬ್ರೇಕು ಇನ್ನೂ ಗಟ್ಟಿ ಆಗಿಲ್ಲ.

ನಿನ್ನ ಅಪ್ಪ,
ದುಂಡಪ್ಪ